ನೋಡದೇ ಬಿಡುವ ಜಾಗಗಳು

ಅಂಡಮಾನ್‌ಗೆ ಹೋಗ್ತಿದೀವಿ ಅಂತ ಆಫೀಸಲ್ಲಿ ಒಮ್ಮೆ ಹೇಳಿ ನೋಡಿ. ಮೂರು ಪ್ರಶ್ನೆ ಗ್ಯಾರಂಟಿ. ಒಂದು, ಪಾಸ್‌ಪೋರ್ಟ್ ಬೇಕಾ? (ಬೇಡ ಮಾರಾಯ್ರೆ, ಅದು ನಮ್ಮ ದೇಶವೇ.) ಎರಡು, ಅಲ್ಲಿ ನೆಟ್‌ವರ್ಕ್ ಬರತ್ತಾ? ಇದನ್ನು ಕೇಳುವವರು ಸಾಮಾನ್ಯವಾಗಿ ಮ್ಯಾನೇಜರ್. ಮೊದಲಾದರೆ ‘ಇಲ್ಲ ಸರ್’ ಅಂದು ಪಾರಾಗಬಹುದಿತ್ತು. 2020ರಲ್ಲಿ ಚೆನ್ನೈನಿಂದ ಸಮುದ್ರದಡಿ ಕೇಬಲ್ ಎಳೆದ ಮೇಲೆ ಆ ನೆಪಕ್ಕೂ ಕಲ್ಲು ಬಿತ್ತು. ಮೂರನೇ ಪ್ರಶ್ನೆ: ಅಲ್ಲಿ ಆದಿವಾಸಿಗಳು ಇದಾರಂತಲ್ಲ, ಕಾಣಿಸ್ತಾರಾ?

ಮೊದಲ ಎರಡಕ್ಕೆ ಉತ್ತರ ಸುಲಭ. ಮೂರನೆಯದು ನಮ್ಮ ಇಡೀ ಪ್ಲಾನನ್ನು ಎರಡು ವಾರ ಅಲ್ಲಾಡಿಸಿಬಿಟ್ಟಿತು.

ಹೊರಟವರು ಐದು ಜನ. ನಾನು, ನನ್ನ ಗಂಡ, ಕಾಲೇಜಿನ ಕಾಲದ ಗೆಳತಿ, ಅವಳ ಗಂಡ, ಅವರ ಏಳು ವರ್ಷದ ಮಗ. ರಜೆ ಆರು ದಿನ. ಐಟಿಯವರ ಪ್ರವಾಸ ಅಂದಮೇಲೆ ಮೊದಲು ಹುಟ್ಟುವುದು ಎಕ್ಸೆಲ್ ಶೀಟ್. ಅದರಲ್ಲಿ ಊರುಗಳ ಹೆಸರು ಬರೆಯುವಾಗಲೇ ಗೊಂದಲ. ಹ್ಯಾವ್‌ಲಾಕ್ 2018ರಿಂದ ಸ್ವರಾಜ್ ದ್ವೀಪ, ನೀಲ್ ಐಲ್ಯಾಂಡ್ ಶಹೀದ್ ದ್ವೀಪ. ಪೋರ್ಟ್ ಬ್ಲೇರ್ 2024ರಲ್ಲಿ ಶ್ರೀ ವಿಜಯಪುರಂ ಆಯಿತು. ಮಾತಾಡುವಾಗ ಎಲ್ಲರೂ ಹಳೇ ಹೆಸರನ್ನೇ ಹೇಳ್ತೀವಿ, ಹಾಗಾಗಿ ಇಲ್ಲೂ ಅದನ್ನೇ ಇಟ್ಟುಕೊಂಡಿದ್ದೇನೆ.

ತಾರೀಖು ಗೊತ್ತುಮಾಡಿದ್ದು ಚಂದ್ರ. ಹ್ಯಾವ್‌ಲಾಕ್‌ನಲ್ಲಿ ಕತ್ತಲ ರಾತ್ರಿ ಕಯಾಕ್‌ನಲ್ಲಿ ಹೋದರೆ, ಹುಟ್ಟು ಹಾಕಿದಲ್ಲೆಲ್ಲ ನೀರು ನೀಲಿಯಾಗಿ ಮಿನುಗುತ್ತದೆ. ನೀರಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಅಲುಗಿದಾಗ ಹೊಮ್ಮಿಸುವ ಬೆಳಕು ಅದು. ಬೆಳದಿಂಗಳಿದ್ದರೆ ಏನೂ ಕಾಣಲ್ಲ, ಹಾಗಾಗಿ ಅಮಾವಾಸ್ಯೆ ಬೇಕು. ನೀಲ್‌ನಲ್ಲಿ ಸಮುದ್ರದ ಅಂಚಿಗೆ ಕಲ್ಲಿನದೊಂದು ಸಹಜ ಸೇತುವೆ ಇದೆ. ಇಳಿತದ ಹೊತ್ತಿನಲ್ಲಿ ಮಾತ್ರ ಅದರವರೆಗೆ ನಡೆದುಕೊಂಡು ಹೋಗಬಹುದು. ಹುಣ್ಣಿಮೆ ಅಮಾವಾಸ್ಯೆಗಳಲ್ಲಿ ಭರತವೂ ಜೋರು, ಇಳಿತವೂ ಜೋರು. ಅಲ್ಲಿಗೆ ಎರಡಕ್ಕೂ ಅಮಾವಾಸ್ಯೆಯೇ ಸರಿ ಅಂತಾಯಿತು. ಗೋಡೆಯ ಕ್ಯಾಲೆಂಡರ್ ತಿರುವಿದರೆ, ನಮ್ಮ ರಜೆಗೆ ಹೊಂದುವುದು ಎಳ್ಳಮಾವಾಸ್ಯೆ!

ತೀರ್ಥಹಳ್ಳಿಯಲ್ಲಿರುವ ಅಮ್ಮನಿಗೆ ಫೋನ್ ಮಾಡಿದೆ. ‘ಎಳ್ಳಮಾವಾಸ್ಯೆ ಜಾತ್ರೆ ಬಿಟ್ಟು, ತುಂಗೇಲಿ ಮುಳುಗೋದು ಬಿಟ್ಟು, ಸಮುದ್ರದಲ್ಲಿ ಮುಳುಗೋಕೆ ಹೋಗ್ತೀಯ? ಅದೂ ಅಮಾವಾಸ್ಯೆ ದಿನ ಪ್ರಯಾಣ?’ ಅಂದರು. ಹೊರಡೋದು ಅಮಾವಾಸ್ಯೆಗೆ ಎರಡು ದಿನ ಮುಂಚೆ ಅಂತ ಹೇಳಿ ಅರ್ಧ ಸಮಾಧಾನ ಮಾಡಿದೆ.

ಪ್ರಾಣಿಗಳ ವಿಷಯಕ್ಕೆ ಬರೋಣ, ನಾವು ಹೊರಟಿದ್ದೇ ಅದಕ್ಕಾಗಿ. ಕಬಿನಿ, ದಾಂಡೇಲಿ ನೋಡಿದ ಕಣ್ಣಿಗೆ ಅಂಡಮಾನಿನ ಕಾಡು ವಿಚಿತ್ರ ಅನ್ನಿಸಬಹುದು. ಹುಲಿ ಇಲ್ಲ, ಚಿರತೆ ಇಲ್ಲ. ಹಕ್ಕಿಗಳಂತೂ ಬೇರೆಲ್ಲೂ ಕಾಣಸಿಗದಂಥವು. ಪೋರ್ಟ್ ಬ್ಲೇರ್ ಹತ್ತಿರದ ಚಿಡಿಯಾ ಟಾಪುವಿನಲ್ಲಿ ಬೆಳಗ್ಗೆ ಐದೂವರೆಗೆ ನಿಂತರೆ ಅಂಡಮಾನ್ ಮರಕುಟಿಗ, ಅಂಡಮಾನ್ ಕಾಜಾಣ ಕಾಣುವ ಸಂಭವ ಇದೆ. ಅಷ್ಟು ಬೇಗ ಯಾಕೆ ಅಂದರೆ, ದ್ವೀಪ ಇರುವುದು ಪೂರ್ವಕ್ಕೆ, ಗಡಿಯಾರ ಮಾತ್ರ ನಮ್ಮದೇ. ಐದು ಗಂಟೆಗೆಲ್ಲ ಬೆಳಕು ಹರಿದು, ಸಂಜೆ ಐದೂವರೆ ಹೊತ್ತಿಗೆ ಕತ್ತಲಾಗಿರುತ್ತದೆ. ತಡವಾಗಿ ಏಳುವವರು ಅರ್ಧ ದಿನ ಕಳಕೊಂಡಂತೆಯೇ.

ಪ್ರವಾಸಿಗರ ಕ್ಯಾಮೆರಾಗೆ ಮೊದಲು ಸಿಗುವುದು ಮಾತ್ರ ರಾಸ್ ದ್ವೀಪದ ಜಿಂಕೆಗಳು. ಇವು ನಮ್ಮ ಬಂಡೀಪುರದ ಚುಕ್ಕೆ ಜಿಂಕೆಗಳೇ, ಬ್ರಿಟಿಷರು ತಂದು ಬಿಟ್ಟವು. ತಿನ್ನಲು ಹುಲಿ ಚಿರತೆ ಇಲ್ಲದ್ದರಿಂದ ಸಂಖ್ಯೆ ಬೆಳೆದು, ದ್ವೀಪಗಳ ಕಾಡಿನಲ್ಲಿ ಮರಿಗಿಡಗಳನ್ನು ಮೇಲೇಳಲು ಬಿಡದೆ ತಿನ್ನುತ್ತವೆ. ಆನೆಗಳೂ ಹೀಗೇ, ಮರ ಎಳೆಯಲು ಹಡಗಿನಲ್ಲಿ ಬಂದವು. ಸಮುದ್ರದಲ್ಲಿ ಈಜುವ ಆನೆಯ ಚಿತ್ರ ನೀವೂ ನೋಡಿರುತ್ತೀರಿ. ಅದು ರಾಜನ್, ಹ್ಯಾವ್‌ಲಾಕ್‌ನಲ್ಲಿತ್ತು, 2016ರಲ್ಲಿ ತೀರಿಕೊಂಡಿತು. ನಮ್ಮ ಪುಟಾಣಿಗೆ ಇದನ್ನು ಹೇಳಿದಾಗ ಅವನ ಪಟ್ಟಿಯಿಂದ ಒಂದು ಸಾಲು ಹೊಡೆದುಹಾಕಬೇಕಾಯಿತು.

ಹಾಗೆ ಹೊಡೆದುಹಾಕುತ್ತಾ ಹೋದರೆ ಅಂಡಮಾನ್ ನಿಜಕ್ಕೂ ಅರ್ಥವಾಗುತ್ತದೆ. ನಾರ್ಕೊಂಡಮ್ ಮಂಗಟ್ಟೆ ಹಕ್ಕಿ ಜಗತ್ತಿನಲ್ಲಿ ಇರುವುದು ಸುಮಾರು ಏಳು ಚದರ ಕಿಲೋಮೀಟರಿನ ಒಂದೇ ದ್ವೀಪದಲ್ಲಿ, ಅಲ್ಲಿಗೆ ಪ್ರವಾಸಿಗರು ಹೋಗುವಂತಿಲ್ಲ. ದೇಶದ ಏಕೈಕ ಜೀವಂತ ಜ್ವಾಲಾಮುಖಿ ಬ್ಯಾರನ್ ದ್ವೀಪದಲ್ಲಿ ಕಾಲಿಡುವಂತಿಲ್ಲ. ನಾರ್ತ್ ಸೆಂಟಿನೆಲ್ ದ್ವೀಪದ ಐದು ನಾಟಿಕಲ್ ಮೈಲಿ ಹತ್ತಿರವೂ ಸುಳಿಯುವಂತಿಲ್ಲ. ಕಾನೂನೇ ಬೇಡ ಅಂದದ್ದನ್ನು ಬಿಡುವುದು ಕಷ್ಟವಲ್ಲ. ಕಾನೂನು ಬಿಟ್ಟರೂ ನಾವು ಬಿಡಬೇಕಾದದ್ದು ಬಂದಾಗ ಜಗಳ ಶುರು.

ನಮ್ಮ ಶೀಟಿನ ನಾಲ್ಕನೇ ದಿನ: ಬಾರಾಟಾಂಗ್. ಸುಣ್ಣದ ಕಲ್ಲಿನ ಗುಹೆ, ಕೆಸರುಗುಳ್ಳೆ ಉಗುಳುವ ಮಡ್ ವಾಲ್ಕೆನೊ, ಕಾಂಡ್ಲಾ ಕಾಡಿನ ಮಧ್ಯೆ ದೋಣಿ. ಎಲ್ಲವೂ ಚೆನ್ನಾಗಿಯೇ ಇರುತ್ತದೆ, ಅನುಮಾನವಿಲ್ಲ. ಹೋಗುವ ರಸ್ತೆ ಮಾತ್ರ ಜಾರವಾ ಜನರ ಮೀಸಲು ಕಾಡಿನ ನಡುವೆ, ಸುಮಾರು 50 ಕಿಲೋಮೀಟರ್. ಬೆಳಗಿನ ಜಾವ ಮೂರಕ್ಕೆದ್ದು ಜಿರ್ಕಾಟಾಂಗ್ ಚೆಕ್‌ಪೋಸ್ಟಿನಲ್ಲಿ ಸಾಲು ನಿಲ್ಲಬೇಕು. ಆಮೇಲೆ ಬೆಂಗಾವಲಿನಲ್ಲಿ ವಾಹನಗಳು ಸಾಲಾಗಿ ಹೊರಡುತ್ತವೆ. ನಿಲ್ಲಿಸುವಂತಿಲ್ಲ, ಫೋಟೋ ತೆಗೆಯುವಂತಿಲ್ಲ, ಏನನ್ನೂ ಕೊಡುವಂತಿಲ್ಲ.

ಬುಕ್ಕಿಂಗಿಗೆ ಮಾತಾಡಿದ ಏಜೆಂಟ್ ನಿಯಮಗಳನ್ನೆಲ್ಲ ಹೇಳಿ, ಕೊನೆಗೆ ಹಿಂದಿಯಲ್ಲಿ ದನಿ ತಗ್ಗಿಸಿ ಒಂದು ಮಾತು ಸೇರಿಸಿದ: ‘ಲಕ್ ಇದ್ರೆ ಕಾಣಿಸ್ತಾರೆ ಮೇಡಂ.’

ಈ ವಾಕ್ಯವನ್ನು ನಾನು ನಾಗರಹೊಳೆಯ ಸಫಾರಿ ಜೀಪಿನಲ್ಲಿ ಕೇಳಿದ್ದೆ. ಅಲ್ಲಿ ಅದು ಹುಲಿಯ ಬಗ್ಗೆ.

ಆ ರಾತ್ರಿ ಕೂತು ಓದಿದೆ. 2011ರ ಜನಗಣತಿಯಲ್ಲಿ ಜಾರವಾಗಳ ಸಂಖ್ಯೆ 380. ನಮ್ಮ ಅಪಾರ್ಟ್‌ಮೆಂಟಿನ ಎರಡು ಬ್ಲಾಕಿನಲ್ಲಿ ಅದಕ್ಕಿಂತ ಹೆಚ್ಚು ಜನ ಇದ್ದಾರೆ. ತೊಂಬತ್ತರ ದಶಕದ ಕೊನೆಯವರೆಗೂ ಅವರು ಹೊರಗಿನವರನ್ನು ಹತ್ತಿರ ಬಿಟ್ಟುಕೊಂಡವರಲ್ಲ. ಬಿಟ್ಟುಕೊಂಡ ಸ್ವಲ್ಪ ಸಮಯಕ್ಕೆ, 1999ರಲ್ಲಿ, ಅವರಲ್ಲಿ ದಡಾರ ಹರಡಿತು. 2002ರಲ್ಲಿ ಸುಪ್ರೀಂ ಕೋರ್ಟ್ ಮೀಸಲು ಕಾಡಿನೊಳಗಿನ ರಸ್ತೆಯನ್ನು ಮುಚ್ಚಲು ಹೇಳಿತು. ರಸ್ತೆ ಮುಚ್ಚಲಿಲ್ಲ. 2012ರಲ್ಲಿ, ಜಾರವಾ ಹೆಣ್ಣುಮಕ್ಕಳನ್ನು ತಿಂಡಿಯ ಆಸೆ ತೋರಿಸಿ ಕುಣಿಸುವ ವಿಡಿಯೊ ಹೊರಬಂದು ಜಗತ್ತೆಲ್ಲ ಗದ್ದಲವಾಯಿತು. ಮರುವರ್ಷ ಜನವರಿಯಲ್ಲಿ ಪ್ರವಾಸಿಗರಿಗೆ ಆ ದಾರಿಯನ್ನು ಕೋರ್ಟ್ ತಡೆಯಿತು, ಮಾರ್ಚಿನಲ್ಲಿ ತಡೆ ತೆರವಾಯಿತು. ಬೆಂಗಾವಲು ಮತ್ತೆ ಹೊರಟಿತು.

‘ಬಾರಾಟಾಂಗ್ ಬೇಡ’ ಅಂತ ಗ್ರೂಪಿನಲ್ಲಿ ಹಾಕಿದೆ.

ಗೆಳತಿ ತಕ್ಷಣ ಕಾಲ್ ಮಾಡಿದಳು. ಅವಳ ವಾದ ತಳ್ಳಿಹಾಕುವಂಥದ್ದಲ್ಲ. ‘ಮಗನಿಗೆ ಗುಹೆ ತೋರಿಸ್ತೀನಿ ಅಂತ ಮಾತು ಕೊಟ್ಟಿದೀನಿ. ಆ ರಸ್ತೇಲಿ ಅಲ್ಲಿಯ ಜನ ಆಸ್ಪತ್ರೆಗೆ, ಸಂತೆಗೆ ಓಡಾಡಲ್ವಾ? ದೋಣಿಯವರು, ಟೀ ಅಂಗಡಿಯವರು ನಮ್ಮಂಥವರಿಂದಲೇ ಬದುಕ್ತಾರೆ. ನಾವೊಂದು ಕಾರು ಹೋಗ್ಲಿಲ್ಲ ಅಂದ್ರೆ ಏನು ಬದಲಾಗತ್ತೆ ಹೇಳು? ನಾವೇನು ಫೋಟೋ ತೆಗಿಯಲ್ಲ, ಬಾಳೆಹಣ್ಣು ಎಸೆಯಲ್ಲ. ಕಣ್ಣು ಮುಚ್ಕೊಂಡು ಕೂತ್ಕೋ ಬೇಕಾದ್ರೆ.’

ಏನು ಬದಲಾಗತ್ತೆ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಏನೂ ಆಗದಿರಬಹುದು. ಅಲ್ಲಿಯ ಊರವರಿಗೆ ರಸ್ತೆ ಬೇಕು, ಅದು ಅವರ ಬದುಕು. ನಮಗೆ ಅದು ಒಂದು ದಿನದ ಟೈಂಪಾಸ್. ನಾನು ಅವಳಿಗೆ ಹೇಳಿದ್ದು ನಮ್ಮ ಅಜ್ಜಿಯ ಕತೆ. ಊರಿನಲ್ಲಿ ನಮ್ಮ ಮನೆಯ ಪಕ್ಕದ ತೋಟದಲ್ಲಿ ಹೋಂಸ್ಟೇ ಶುರುವಾದ ವರ್ಷ, ಅಂಗಳದಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದ ಅಜ್ಜಿಯ ಫೋಟೋವನ್ನು ಯಾರೋ ಬೇಲಿಯಾಚೆಯಿಂದ ತೆಗೆದುಕೊಂಡು ಹೋದರು. ಕೇಳಲಿಲ್ಲ. ಕೇಳಿದ್ದರೆ ಅಜ್ಜಿ ಒಳಗೆ ಕರೆದು ಕಾಫಿ ಕೊಟ್ಟು, ಸೀರೆ ಬದಲಿಸಿಕೊಂಡು ಬಂದು ಕೂರುತ್ತಿದ್ದರು. ಆ ಬೇಸಿಗೆಯಿಡೀ ಅವರು ಹಿಂದಿನ ಕೊಟ್ಟಿಗೆಯ ಹತ್ತಿರ ಕೂತು ಅಡಿಕೆ ಸುಲಿದರು. ಅಲ್ಲಿ ಬೆಳಕು ಸಾಲದು, ಆದರೂ ಅಲ್ಲೇ.

ಅಜ್ಜಿಗೆ ಹೋಗಲು ಒಂದು ಹಿತ್ತಿಲಿತ್ತು. ಬೇಲಿಯಾಚೆಯವರನ್ನು ಬೈಯಲು ಭಾಷೆಯೂ ಇತ್ತು.

ಗೆಳತಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಎಮೋಷನಲ್ ಬ್ಲ್ಯಾಕ್‌ಮೇಲ್ ಇದು’ ಅಂದಳು. ಇರಬಹುದು. ‘ನನ್ನ ಮಗನಿಗೆ ನೀನೇ ಹೇಳು’ ಅಂತ ಫೋನನ್ನು ಅವನ ಕೈಗೆ ಕೊಟ್ಟಳು. ಏಳು ವರ್ಷದವನಿಗೆ ಕೋರ್ಟು, ಜನಗಣತಿ ಎಲ್ಲ ಹೇಳಲಾಗುತ್ತದೆಯೇ? ‘ಆ ದಾರಿ ಬೇರೆಯವರ ಮನೆಯೊಳಗಿಂದ ಹೋಗತ್ತೆ ಕಣೋ, ಅವರು ನಮ್ಮನ್ನ ಕರೆದಿಲ್ಲ’ ಅಂದೆ. ‘ಹಂಗಾದ್ರೆ ಗುಹೆ ಬದಲು ಏನು ಕೊಡ್ತೀಯ?’ ಅಂದ. ವ್ಯಾಪಾರ ಬಲ್ಲ ಹುಡುಗ.

ಹಾಗಾಗಿ ನಾಲ್ಕನೇ ದಿನ ಈಗ ಜಾಲಿ ಬಾಯ್. ವಂಡೂರಿನ ಮಹಾತ್ಮಾ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದ ದ್ವೀಪ ಅದು, ಉದ್ಯಾನವಾದದ್ದು 1983ರಲ್ಲಿ. ವರ್ಷದ ಕೆಲವು ತಿಂಗಳು ಜಾಲಿ ಬಾಯ್, ಉಳಿದ ತಿಂಗಳು ರೆಡ್ ಸ್ಕಿನ್. ಹೀಗೆ ಒಂದು ತೆರೆದಾಗ ಇನ್ನೊಂದಕ್ಕೆ ವಿಶ್ರಾಂತಿ. ಸೋಮವಾರ ರಜೆ, ನೆನಪಿಡಿ. ಪ್ಲಾಸ್ಟಿಕ್ ಬಾಟಲಿ ಒಯ್ಯುವಂತಿಲ್ಲ, ಮನೆಯಿಂದಲೇ ಸ್ಟೀಲ್ ಬಾಟಲಿ ಇಟ್ಟುಕೊಳ್ಳಿ. ಗಾಜಿನ ತಳದ ದೋಣಿಯಲ್ಲಿ ಕೂತು ಹವಳ ನೋಡಬಹುದು. ಹವಳದ ಮೇಲೆ ಕಾಲಿಡಬೇಡಿ, ಅದು ಕಲ್ಲಲ್ಲ, ಜೀವ. 2010ರಲ್ಲಿ ಸಮುದ್ರ ಬಿಸಿಯಾಗಿ ಅಂಡಮಾನಿನ ಹವಳಗಳು ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿದ್ದವು. ಮತ್ತೆ ಚಿಗುರುವುದು ಬಲು ನಿಧಾನ. ಮೊಸಳೆ ಇರುವ ಕಡೆ ಬೋರ್ಡ್ ಹಾಕಿರುತ್ತಾರೆ, ಅದನ್ನು ಸೆಲ್ಫಿಗೆ ಬಳಸುವ ಮೊದಲು ಓದಿಕೊಳ್ಳಿ. ಮರಳುನೊಣಕ್ಕೆ ಕೊಬ್ಬರಿ ಎಣ್ಣೆ ಹಚ್ಚಿ ಅಂತ ಹೋಗಿಬಂದವರೆಲ್ಲ ಹೇಳಿದ್ದಾರೆ. ಹೇಗೂ ನಮ್ಮ ಬ್ಯಾಗಿನಲ್ಲಿ ಇದ್ದೇ ಇರುತ್ತದೆ.

ಗೆಳತಿ ಪೂರ್ತಿ ಒಪ್ಪಿದ್ದಾಳೆ ಅಂತ ಹೇಳಲಾರೆ. ‘ಮುಂದಿನ ಸಲ ನಿನ್ನ ಬಿಟ್ಟು ಹೋಗ್ತೀನಿ ನೋಡು’ ಅಂದಿದ್ದಾಳೆ. ಆಯ್ತು ಅಂದಿದ್ದೇನೆ. ಏಜೆಂಟ್ ಇನ್ನೂ ಎರಡು ಸಲ ಫೋನ್ ಮಾಡಿ, ‘ಬಾರಾಟಾಂಗ್ ಇಲ್ದೆ ಪ್ಯಾಕೇಜ್ ಕಂಪ್ಲೀಟ್ ಆಗಲ್ಲ ಮೇಡಂ’ ಅಂದ. ಇನ್‌ಕಂಪ್ಲೀಟೇ ಕೊಡಿ ಅಂದೆವು. ದುಡ್ಡೇನೂ ಕಡಿಮೆ ಮಾಡಲಿಲ್ಲ.

ಅಮ್ಮ ಚಟ್ನಿಪುಡಿ, ಕೋಡುಬಳೆ ಬಸ್ಸಿನಲ್ಲಿ ಕಳಿಸಿದ್ದಾರೆ. ಜೊತೆಗೊಂದು ಚೀಟಿ: ಅಮಾವಾಸ್ಯೆ ರಾತ್ರಿ ಮಾತ್ರ ನೀರಿನ ಹತ್ತಿರ ಹೋಗಬೇಡಿ. ಕಯಾಕಿಗೆ ಅಡ್ವಾನ್ಸ್ ಕಟ್ಟಿಯಾಗಿದೆ.