ಕಳೆಯ ಬಿಸಿಲು ಕಸಿಯುವ ಅಕ್ಕಡಿ ಸಾಲು

ಬೆಂಗಳೂರಿನಿಂದ ಪಶ್ಚಿಮಕ್ಕೆ ಸುಮಾರು 50 ಕಿ.ಮೀ. ದೂರದಲ್ಲಿದೆ ಮಾಗಡಿ. ಇತ್ತ ಬರುವ ಪ್ರವಾಸಿಗರ ಕಣ್ಣು ಸಾವನದುರ್ಗದ ಹೆಬ್ಬಂಡೆಯ ಮೇಲಿರುತ್ತದೆ. ಬೆಟ್ಟ ಹತ್ತಿ ಇಳಿದು, ಊರೊಳಗಿನ ಕೋಟೆ ನೋಡಿ ಹಿಂದಿರುಗುತ್ತಾರೆ. ರಸ್ತೆಯ ಇಕ್ಕೆಲದ ಕೆಂಪು ಮಣ್ಣಿನ ಹೊಲಗಳ ಬಳಿ ನಿಲ್ಲುವವರು ವಿರಳ. ಆದರೆ ಆಗಸ್ಟ್ ತಿಂಗಳಲ್ಲಿ ಆ ಹೊಲಗಳಲ್ಲಿ ಸದ್ದಿಲ್ಲದೆ ಒಂದು ಪೈಪೋಟಿ ನಡೆದಿರುತ್ತದೆ.

ಜುಲೈ ಮಳೆಗೆ ಬಿತ್ತಿದ ರಾಗಿ ಆ ಹೊತ್ತಿಗೆ ಗೇಣುದ್ದ ಬೆಳೆದಿರುತ್ತದೆ. ಕೂರಿಗೆಯಿಂದ ಬಿದ್ದ ರಾಗಿಯ ಸಾಲುಗಳ ನಡುವೆ ಅಲ್ಲಲ್ಲಿ ಅಗಲ ಎಲೆಯ ಬೇರೆ ಸಾಲುಗಳು ಕಾಣುತ್ತವೆ. ಅವರೆ, ಅಲಸಂದೆ, ತೊಗರಿ, ಅಂಚಿನಲ್ಲಿ ಹುಚ್ಚೆಳ್ಳು. ಇದೇ ಅಕ್ಕಡಿ. ಕೂರಿಗೆಯ ಹಿಂದೆ ಸಡ್ಡೆ ಕಟ್ಟಿ, ಹೆಂಗಸರು ಅದರೊಳಗೆ ಕಾಳು ಬಿಡುತ್ತ ನಡೆಯುವುದು ಈ ಸೀಮೆಯ ಹಳೆಯ ಪದ್ಧತಿ. ಒಂದು ಬೆಳೆ ಕೈಕೊಟ್ಟರೆ ಇನ್ನೊಂದು ಕೈಹಿಡಿಯಲಿ ಎಂಬುದು ಅದರ ಮೊದಲ ಲೆಕ್ಕ. ಕಳೆಯ ಲೆಕ್ಕವೂ ಅದರೊಳಗೇ ಅಡಗಿದೆ.

ಮಳೆ ಬಿದ್ದೊಡನೆ ರಾಗಿಯ ಜೊತೆಗೇ ಜೇಕು, ಗರಿಕೆ, ಅಣ್ಣೆಸೊಪ್ಪು ಏಳುತ್ತವೆ. ಅಣ್ಣೆಸೊಪ್ಪು ಬೆರಕೆ ಸೊಪ್ಪಿನ ಜೊತೆ ಸಾರಿಗೆ ಸೇರುತ್ತದೆ; ಉಳಿದವು ಬರೀ ಕಸ. ನೀರು, ಗೊಬ್ಬರ, ಬೆಳಕು ಈ ಮೂರನ್ನೂ ಕಳೆ ಬೆಳೆಯೊಡನೆ ಹಂಚಿಕೊಳ್ಳುತ್ತದೆ. ಬಿತ್ತಿದ ಮೊದಲ ಒಂದೂವರೆ ತಿಂಗಳು ಬಹು ಮುಖ್ಯ. ಆಗ ಸೋತ ರಾಗಿ ಮುಂದೆ ಎಷ್ಟೇ ಮಳೆ ಬಂದರೂ ಪೂರ್ತಿ ಚೇತರಿಸಿಕೊಳ್ಳದು. ಜಡಿಮಳೆ ಹಿಡಿದರೆ ಕುಂಟೆ ಹಾಯಿಸಲಾಗದು. ಬಿಸಿಲು ಬಿದ್ದಾಗ ಎಲ್ಲರ ಹೊಲಕ್ಕೂ ಒಮ್ಮೆಲೇ ಆಳು ಬೇಕು. ಕೂಲಿ ಕೊಡಲಾಗದ ಮನೆಗಳಲ್ಲಿ ದಿನವಿಡೀ ಬಗ್ಗಿ ಕಳೆ ಕೀಳುವವಳು ತಾಯಿ. ಅವಳ ಜೊತೆಗೆ ಮಗಳನ್ನೂ ಕರೆದೊಯ್ದ ದಿನ ಶಾಲೆಯ ಹಾಜರಿ ಪುಸ್ತಕದಲ್ಲಿ ಒಂದು ಹೆಸರಿನ ಮುಂದೆ ಗೈರು ಬೀಳುತ್ತದೆ.

ಅಕ್ಕಡಿ ಸಾಲು ಇಲ್ಲಿ ನೆರವಿಗೆ ಬರುತ್ತದೆ. ಮಣ್ಣಿನಲ್ಲಿ ವರ್ಷಗಟ್ಟಲೆ ಮಲಗಿರುವ ಎಷ್ಟೋ ಕಳೆಬೀಜಗಳಿಗೆ ಮೊಳೆಯಲು ಬೆಳಕು ಬೇಕು. ಅಲಸಂದೆ ಮೂರು ನಾಲ್ಕು ವಾರಗಳಲ್ಲೇ ಎಲೆ ಹರಡಿ ನೆಲ ಮುಚ್ಚುತ್ತದೆ. ನೆರಳಾದ ನೆಲದಲ್ಲಿ ಕೆಲವು ಬೀಜಗಳು ಏಳುವುದೇ ಇಲ್ಲ, ಎದ್ದವು ಸೊರಗುತ್ತವೆ. ಕಿತ್ತಷ್ಟೂ ಗೆಡ್ಡೆಯಿಂದ ಚಿಗುರುವ ಹಟಮಾರಿ ಜೇಕು ಕೂಡ ನೆರಳಿಗೆ ಅಂಜುತ್ತದೆ. ಹುರುಳಿ, ಸೆಣಬುಗಳದೂ ಇದೇ ಗುಣ. ಜೋಳ ಇನ್ನೊಂದು ಹೆಜ್ಜೆ ಮುಂದೆ. ಅದರ ಬೇರು ಸೋರ್ಗೋಲಿಯೋನ್ ಎಂಬ ರಾಸಾಯನಿಕವನ್ನು ಸ್ರವಿಸಿ ಅಕ್ಕಪಕ್ಕದ ಎಳೆಯ ಸಸಿಗಳ ಬೆಳವಣಿಗೆಯನ್ನು ತಡೆಯುತ್ತದೆ. ದ್ವಿದಳ ಬೆಳೆಗಳ ಬೇರಿನ ಗಂಟುಗಳಲ್ಲಿರುವ ರೈಜೋಬಿಯಂ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿದುಕೊಡುವುದು ಮೇಲಿನ ಲಾಭ.

ಹಾಗೆಂದು ಎಲ್ಲ ಬೆಳೆಯೂ ಒಂದೇ ಅಲ್ಲ. ತೊಗರಿ ಆರಂಭದಲ್ಲಿ ಬಹಳ ನಿಧಾನ. ಕಳೆಯ ಪೈಪೋಟಿ ಜೋರಾಗಿರುವಾಗ ಅದು ಇನ್ನೂ ಕೂಸು. ಅಕ್ಕಡಿಯನ್ನು ಅತಿಯಾಗಿ ಒತ್ತಾಗಿ ಹಾಕಿದರೆ ರಾಗಿಯ ಬೆಳಕಿಗೇ ಕುತ್ತು. ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಎಂಬ ಶಿಫಾರಸಿನ ಹಿಂದೆ ಇಂಥ ಲೆಕ್ಕಾಚಾರವಿದೆ. ಕುಂಟೆಯನ್ನೂ ಕೈಗಳೆಯನ್ನೂ ಅಕ್ಕಡಿ ಪೂರ್ತಿ ತಪ್ಪಿಸದು, ಕಡಿಮೆ ಮಾಡುತ್ತದೆ.

ಬೆಳೆಯಿಲ್ಲದ ನೆಲ ಏನಾಗುತ್ತದೆಂಬುದಕ್ಕೆ ಉದಾಹರಣೆ ಹೊಲದ ಪಕ್ಕದಲ್ಲೇ ಇರುತ್ತದೆ. ದುಡಿಯುವ ಕೈಗಳು ಬೆಂಗಳೂರು ಸೇರಿ ಬೀಳು ಬಿದ್ದ ಜಮೀನಿನಲ್ಲಿ, ಬದುಗಳ ಮೇಲೆ ಕಾಂಗ್ರೆಸ್ ಹುಲ್ಲು ಅಂದರೆ ಪಾರ್ಥೇನಿಯಂ ಬೆಳೆದಿರುತ್ತದೆ. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲಾದ ಈ ಪರದೇಶಿ ಗಿಡ ಇಂದು ಎಲ್ಲೆಡೆ ಹಬ್ಬಿದೆ. ಒಂದೊಂದು ಗಿಡವೂ ಸಾವಿರಾರು ಬೀಜ ಉದುರಿಸುತ್ತದೆ. ಮುಟ್ಟಿದರೆ ಕೆಲವರ ಚರ್ಮಕ್ಕೆ ತುರಿಕೆ, ಪರಾಗದಿಂದ ಕೆಲವರಿಗೆ ಉಬ್ಬಸ. ಅದನ್ನು ತಿನ್ನುವ ಮೆಕ್ಸಿಕೋದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ದುಂಬಿ ಮಳೆಗಾಲದಲ್ಲಿ ಎಲೆ ಮೇಯುತ್ತದೆ ನಿಜ, ಆದರೆ ಬರಿದಾದ ನೆಲವನ್ನು ಅದು ಮುಚ್ಚಲಾರದು. ಆ ಕೆಲಸಕ್ಕೆ ಬೇರೊಂದು ಗಿಡವೇ ಬೇಕು.

ಇದನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಡ. ಮಳೆಗಾಲದ ಆರಂಭದಲ್ಲಿ ಶಾಲೆಯ ಅಂಗಳದಲ್ಲೋ ಹಿತ್ತಿಲಲ್ಲೋ ಒಂದೊಂದು ಮೀಟರ್ ಉದ್ದಗಲದ ಎರಡು ಮಡಿಗಳನ್ನು ಅಗೆದು ಹದ ಮಾಡಿ. ಒಂದನ್ನು ಖಾಲಿ ಬಿಡಿ. ಇನ್ನೊಂದರಲ್ಲಿ ಅರ್ಧ ಗೇಣಿಗೊಂದರಂತೆ ಅಲಸಂದೆ ಕಾಳು ಊರಿ. ಎರಡರಲ್ಲೂ ಕಳೆ ಕೀಳಬೇಡಿ. ನಲವತ್ತನೆಯ ದಿನ ಎರಡೂ ಮಡಿಗಳ ಕಳೆ ಕಿತ್ತು, ಎಣಿಸಿ, ತೂಗಿ ಬರೆದಿಡಿ. ತಂದೆತಾಯಿ ಪಕ್ಕದಲ್ಲಿ ಕುಳಿತು ಕಳೆಗಳ ಹೆಸರು ಹೇಳಿಕೊಟ್ಟರೆ ಪಾಠ ಇನ್ನೂ ಸೊಗಸು.

ಇತ್ತ ಮಾಗಡಿಯ ಹೊಲದಲ್ಲಿ ರಾಗಿ ಕೊಯ್ಲಾದ ಮೇಲೂ ಅವರೆ ನಿಂತಿರುತ್ತದೆ. ಹಗಲು ಕುಗ್ಗಿ ಮಂಜು ಸುರಿಯುವಾಗ ಕಾಯಿ ತುಂಬಿ, ಡಿಸೆಂಬರ್–ಜನವರಿಯಲ್ಲಿ ಮೂಟೆಗಳಲ್ಲಿ ಬೆಂಗಳೂರಿಗೆ ಬರುತ್ತದೆ. ಸೊಗಡು ಮೂಸಿ ನೋಡಿ ಕೊಳ್ಳುವ ಪಟ್ಟಣದವರಿಗೆ ಅದು ಹಿತಕಿದ ಬೇಳೆ ಸಾರಿನ ಕಾಯಿ. ಬೆಳೆದ ಮನೆಗೆ ಅದು ಮಳೆಗಾಲದಲ್ಲಿ ನೆಲ ಕಾಯ್ದ ಆಳೂ ಹೌದು.