ನಾವು ಗೆದ್ದೆವು, ಕದ್ದವರು ಅವರು

ಧರ್ಮಚಿಂತನೆಗೆ ಮೀಸಲಾದ ಈ ಪುಟಗಳಲ್ಲಿ ಚೆಂಡಾಟದ ಮಾತನ್ನು ಎತ್ತುತ್ತಿರುವುದಕ್ಕೆ ಓದುಗರ ಕ್ಷಮೆ ಕೋರುತ್ತೇನೆ. ಅದೂ ನಮ್ಮ ನಾಡಿನ ಆಟವಲ್ಲ. ಅಮೆರಿಕದ ಕಾಲೇಜು ಫುಟ್ಬಾಲ್. ಆದರೆ ಅಚೌರ್ಯಾಣುವ್ರತದ ಒಂದು ಅತಿಚಾರವನ್ನು ನಲವತ್ತು ವರ್ಷ ಗ್ರಂಥದಲ್ಲಿ ಓದಿಯೂ ಅರಿಯದಿದ್ದ ನನಗೆ ಅದರ ಅರ್ಥ ಹೊಳೆದದ್ದು ಆ ಆಟದ ಒಂದು ಋತುವಿನಲ್ಲಿ. ಆದ್ದರಿಂದ ಬರೆಯುತ್ತಿದ್ದೇನೆ.

2023ರ ಆಗಸ್ಟ್‌ನಿಂದ 2024ರ ಜನವರಿಯವರೆಗೆ ನಾನು ಮಿಷಿಗನ್ ರಾಜ್ಯದ ಆನ್ ಆರ್ಬರ್ ಪಟ್ಟಣದಲ್ಲಿ ಮಗಳ ಮನೆಯಲ್ಲಿದ್ದೆ. ಮಗಳು ಓದಿದ್ದು ಅಲ್ಲಿಯ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ. ಅವಳ ವಿದ್ಯಾರ್ಥಿ ದೆಸೆಯಿಂದಲೇ ಆ ತಂಡದ ಸೋಲು ಗೆಲುವುಗಳು ದೂರವಾಣಿಯ ಮೂಲಕ ನಮ್ಮ ಮನೆಗೂ ಬಂದು ತಲುಪುತ್ತಿದ್ದವು. ರಾಗವು ಹೀಗೆಯೇ ಹಬ್ಬುತ್ತದೆ. ಮಕ್ಕಳ ಮೇಲಿನ ಮೋಹ ಮೊದಲು ಅವರ ಊರಿನ ಮೇಲೆ, ಆಮೇಲೆ ಅವರ ತಂಡದ ಮೇಲೆ ಹರಿಯುತ್ತದೆ.

ಅಲ್ಲಿಯ ಕ್ರೀಡಾಂಗಣ 1927ರಲ್ಲಿ ತೆರೆದದ್ದು. ಈಗ ಒಂದು ಲಕ್ಷ ಏಳು ಸಾವಿರಕ್ಕೂ ಹೆಚ್ಚು ಆಸನಗಳಿವೆ. ಶನಿವಾರಗಳಂದು ಊರಿಗೆ ಊರೇ ಹಳದಿ ಮತ್ತು ನೀಲಿ ಬಟ್ಟೆ ತೊಟ್ಟು ಅತ್ತ ನಡೆಯುತ್ತದೆ. ಆಟವೇನೋ ಮೈಗೆ ಮೈ ಡಿಕ್ಕಿ ಹೊಡೆಯುವಂಥದು. ಚೆಂಡು ದನದ ಚರ್ಮದ್ದು. ಇಂಥದನ್ನು ಶ್ರಾವಕನು ನೋಡಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆ ವಿಚಾರವನ್ನು ಇನ್ನೊಂದು ಸಂದರ್ಭಕ್ಕೆ ಇಟ್ಟುಕೊಂಡು, ನಾನು ನೋಡಿದೆನೆಂಬುದನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ.

ಈ ತಂಡ ರಾಷ್ಟ್ರೀಯ ಪ್ರಶಸ್ತಿಯನ್ನು ಕೊನೆಯ ಬಾರಿ ಪಡೆದದ್ದು 1997ರಲ್ಲಿ, ಅದೂ ನೆಬ್ರಾಸ್ಕದೊಂದಿಗೆ ಹಂಚಿಕೊಂಡು. ಪರಂಪರೆಯ ಎದುರಾಳಿಯಾದ ಒಹಾಯೋ ಸ್ಟೇಟ್ ಎದುರು 2012ರಿಂದ 2019ರವರೆಗೆ ಎಂಟು ಬಾರಿ ಸತತವಾಗಿ ಸೋತಿತ್ತು. 2021 ಮತ್ತು 2022ರಲ್ಲಿ ಆ ಎದುರಾಳಿಯನ್ನು ಮಣಿಸಿತಾದರೂ ಎರಡು ವರ್ಷವೂ ಪ್ರಶಸ್ತಿಯ ಉಪಾಂತ್ಯ ಪಂದ್ಯದಲ್ಲಿ ಮುಗ್ಗರಿಸಿತ್ತು. ಹೀಗಾಗಿ 2023ರಲ್ಲಿ ಆ ಊರಿನ ನಿರೀಕ್ಷೆ ಒಂದು ವ್ರತದ ತೀವ್ರತೆಯನ್ನು ಮುಟ್ಟಿತ್ತು.

ಆರಂಭದ ವಾರಗಳಲ್ಲಿ ತಂಡ ಎದುರು ಬಂದವರನ್ನೆಲ್ಲ ಲೀಲಾಜಾಲವಾಗಿ ಸೋಲಿಸಿತು. ಹೊಸ ಆಟಗಾರರನ್ನು ಸೇರಿಸಿಕೊಳ್ಳುವ ನಿಯಮಗಳ ಉಲ್ಲಂಘನೆಯ ಆರೋಪದ ಸಂಬಂಧ ಮುಖ್ಯ ತರಬೇತುದಾರ ಜಿಮ್ ಹಾರ್ಬಾ ಅವರನ್ನು ವಿಶ್ವವಿದ್ಯಾಲಯವೇ ಮೊದಲ ಮೂರು ಪಂದ್ಯಗಳಿಂದ ದೂರವಿಟ್ಟಿತ್ತು. ಅವರು ಮರಳಿದ ದಿನ, ಸೆಪ್ಟೆಂಬರ್ 23, ದಶಲಕ್ಷಣ ಪರ್ವದ ನಡುವೆ ಬಂದಿತು. ಫಾರ್ಮಿಂಗ್ಟನ್ ಹಿಲ್ಸ್‌ನ ಜಿನಮಂದಿರದಲ್ಲಿ ಪೂಜೆ ಮುಗಿಸಿ ಹೊರಬರುವಾಗ ನನ್ನ ಕೈ ತಾನಾಗಿ ಅಳಿಯನ ಫೋನಿನತ್ತ ಚಾಚಿತು. ರಟ್ಗರ್ಸ್ ಎದುರು 31-7ರ ಗೆಲುವು. ಉತ್ತಮ ಧರ್ಮಗಳನ್ನು ಹತ್ತು ದಿನ ಚಿಂತಿಸಬೇಕಾದವನ ಮನಸ್ಸು ಎಲ್ಲಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಅಕ್ಟೋಬರ್ 19ರಂದು ಸುದ್ದಿ ಹೊರಬಿತ್ತು. ಅದನ್ನು ತುಸು ವಿವರಿಸಬೇಕು. ಈ ಆಟದಲ್ಲಿ ಪ್ರತಿಯೊಂದು ಚಲನೆಗೂ ಮುನ್ನ ತರಬೇತುದಾರರು ಅಂಕಣದ ಅಂಚಿನಿಂದ ಕೈಸನ್ನೆಗಳಿಂದಲೋ ಚಿತ್ರಫಲಕಗಳಿಂದಲೋ ಮುಂದಿನ ಯೋಜನೆಯನ್ನು ಆಟಗಾರರಿಗೆ ತಿಳಿಸುತ್ತಾರೆ. ಎದುರಾಳಿಯ ಸನ್ನೆಯನ್ನು ಪಂದ್ಯದ ನಡುವೆ ಕಣ್ಣಿನಿಂದ ನೋಡಿ ಊಹಿಸುವುದಕ್ಕೆ ನಿಷೇಧವಿರಲಿಲ್ಲ. ಆದರೆ ಮುಂದೆ ಎದುರಾಗಲಿರುವ ತಂಡದ ಪಂದ್ಯಗಳಿಗೆ ಮುಂಚಿತವಾಗಿ ಜನರನ್ನು ಕಳುಹಿಸಿ ವೀಕ್ಷಿಸುವುದನ್ನು 1994ರಲ್ಲಿಯೇ ನಿಷೇಧಿಸಲಾಗಿತ್ತು. ಅಂಥ ವೆಚ್ಚವನ್ನು ಭರಿಸಲಾರದ ಸಣ್ಣ ಕಾಲೇಜುಗಳಿಗೆ ಅನ್ಯಾಯವಾಗಬಾರದೆಂಬುದು ಆ ನಿಯಮದ ಒಂದು ಕಾರಣ. ಮಿಷಿಗನ್ ತಂಡದ ಒಬ್ಬ ಕಿರಿಯ ಸಿಬ್ಬಂದಿ ಟಿಕೆಟುಗಳನ್ನು ಕೊಂಡು, ಜನರನ್ನು ಬೇರೆ ಬೇರೆ ಕ್ರೀಡಾಂಗಣಗಳಿಗೆ ಕಳುಹಿಸಿ, ಎದುರಾಳಿಗಳ ಸನ್ನೆಗಳನ್ನು ಫೋನಿನಲ್ಲಿ ಚಿತ್ರೀಕರಿಸಿ ತರಿಸುತ್ತಿದ್ದನೆಂಬುದು ಆರೋಪ. ಪತ್ರಿಕೆಗಳು ಇದನ್ನು ಸಂಕೇತಗಳ ಕಳವು ಎಂದೇ ಕರೆದವು. ಆತ ನವೆಂಬರ್ 3ರಂದು ರಾಜೀನಾಮೆ ಕೊಟ್ಟ. ತನಗೆ ಇದರ ಅರಿವಿರಲಿಲ್ಲವೆಂದು ಹಾರ್ಬಾ ಹೇಳಿದರು.

ಸುದ್ದಿ ಬಂದ ಎರಡು ದಿನಗಳ ನಂತರ ಮಿಷಿಗನ್ ಸ್ಟೇಟ್ ವಿರುದ್ಧದ ರಾತ್ರಿ ಪಂದ್ಯ. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸಿ ನಾವೆಲ್ಲ ದೂರದರ್ಶನದ ಮುಂದೆ ಕುಳಿತಿದ್ದೆವು. ತಂಡ 49-0ರಿಂದ ಗೆದ್ದಿತು. ಆಗ ಹತ್ತು ವರ್ಷದ ನನ್ನ ಮೊಮ್ಮಗ, "ಅಜ್ಜಾ, ನಾವು ಕದ್ದೆವಾ?" ಎಂದು ಕೇಳಿದ.

"ನಾವಲ್ಲಪ್ಪಾ, ಅವರು ಯಾರೋ ಒಬ್ಬರು," ಎಂದೆ.

"ಮತ್ತೆ ಗೆದ್ದದ್ದು ನಾವು ಅಂದಿರಲ್ಲ?"

ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆ ಋತುವಿನುದ್ದಕ್ಕೂ ನಾನು "ನಾವು ಗೆದ್ದೆವು" ಎಂದೇ ಹೇಳಿದ್ದೆ. ಒಂದು ದಿನವೂ ಚೆಂಡು ಮುಟ್ಟದ ನಾನು ಗೆಲುವಿನಲ್ಲಿ 'ನಾವು' ಆಗಿದ್ದೆ. ಕಳವಿನ ಮಾತು ಬಂದೊಡನೆ 'ಅವರು' ಬಂದರು. ಲಾಭದ ದಿನ ಪಾಲುದಾರ, ನಷ್ಟದ ದಿನ ಅಪರಿಚಿತ. ಅಂಥವನನ್ನು ಯಾವ ಅಂಗಡಿಯಲ್ಲಿಯೂ ಪಾಲಿಗೆ ಸೇರಿಸಿಕೊಳ್ಳುವುದಿಲ್ಲ.

ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿರುವುದು ಓದುಗರಿಗೆ ತಿಳಿದೇ ಇದೆ. ಅಳತೆ ತೂಕದಲ್ಲಿ ಮೋಸ, ಕಲಬೆರಕೆ ಮೊದಲಾದವು ವ್ಯಾಪಾರಿಗಳಾದ ನಮಗೆ ಬೇಗ ಅರ್ಥವಾಗುತ್ತವೆ. ಕಳ್ಳನನ್ನು ಕಳವಿಗೆ ಪ್ರೇರಿಸುವ ಸ್ತೇನಪ್ರಯೋಗವೂ ಸ್ಪಷ್ಟ. ಆದರೆ ತದಾಹೃತಾದಾನ ಬೇರೆಯೇ ಬಗೆಯದು. ತಾನು ಪ್ರೇರಿಸದ, ತಾನು ಒಪ್ಪಿಗೆಯನ್ನೂ ಕೊಡದ ಕಳ್ಳನು ತಂದ ವಸ್ತುವನ್ನು ಸ್ವೀಕರಿಸುವುದು ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಅದನ್ನು ವಿವರಿಸುತ್ತಾರೆ. "ನಾನು ಹೇಳಿರಲಿಲ್ಲ, ನನಗೆ ಗೊತ್ತೂ ಇರಲಿಲ್ಲ" ಎಂಬ ನಮ್ಮ ನಿತ್ಯದ ಸಮಾಧಾನವನ್ನು ಆಚಾರ್ಯರು ಮೊದಲೇ ಊಹಿಸಿ ಬಾಗಿಲು ಮುಚ್ಚಿದ್ದಾರೆ. ಕೇಳಬೇಕಾದ ಪ್ರಶ್ನೆ ಒಂದೇ: ತಂದದ್ದನ್ನು ತೆಗೆದುಕೊಂಡೆಯಾ? ಅಭಿಮಾನಿಯು ತೆಗೆದುಕೊಳ್ಳುವ ವಸ್ತು ಸಂತೋಷ. ಅದಕ್ಕೆ ತೂಕವಿಲ್ಲ, ರಸೀದಿಯಿಲ್ಲ. ಆದ್ದರಿಂದಲೇ ಅದರ ಮೂಲವನ್ನು ಯಾರೂ ವಿಚಾರಿಸುವುದಿಲ್ಲ.

ನವೆಂಬರ್ 10ರಂದು ಬಿಗ್ ಟೆನ್ ಒಕ್ಕೂಟವು ಹಾರ್ಬಾ ಅವರನ್ನು ಮತ್ತೆ ಮೂರು ಪಂದ್ಯಗಳಿಂದ ಅಮಾನತುಗೊಳಿಸಿತು. ಮರುದಿನ, ದೀಪಾವಳಿಯ ಮುನ್ನಾದಿನ, ಪೆನ್ ಸ್ಟೇಟ್‌ನ ನೆಲದಲ್ಲಿ ಸಹಾಯಕ ಶೆರೋನ್ ಮೂರ್ ನೇತೃತ್ವದಲ್ಲಿ ತಂಡ 24-15ರಿಂದ ಗೆದ್ದಿತು. ಮೂವತ್ತೆರಡು ಸಲ ಸತತವಾಗಿ ಚೆಂಡನ್ನು ಎಸೆಯದೆ, ಹಿಡಿದು ಓಡಿಯೇ ಸಾಧಿಸಿದ ಗೆಲುವು ಅದು. ಮೇರಿಲ್ಯಾಂಡ್ ಎದುರಿನ 31-24 ಈ ವಿಶ್ವವಿದ್ಯಾಲಯದ ಸಾವಿರದ ಗೆಲುವಾಯಿತು. ನವೆಂಬರ್ 25ರಂದು ಒಹಾಯೋ ಸ್ಟೇಟ್ ನಮ್ಮ ಊರಿಗೆ ಬಂದಿತು. ಅಳಿಯ ಹೇಗೋ ಟಿಕೆಟು ದೊರಕಿಸಿದ್ದ. ಮೂರನೆಯ ಪಾದದಲ್ಲಿ ಜ್ಯಾಕ್ ಜಿಂಟರ್ ಎಂಬ ಆಟಗಾರನ ಕಾಲು ಮುರಿದು ಅವನನ್ನು ಹೊತ್ತೊಯ್ದಾಗ ಲಕ್ಷ ಜನ ಉಸಿರು ಬಿಗಿಹಿಡಿದಿದ್ದರು. ಅದರ ಮರುಚಲನೆಯಲ್ಲಿಯೇ ಬ್ಲೇಕ್ ಕೋರಮ್ ಇಪ್ಪತ್ತೆರಡು ಗಜ ಓಡಿ ಅಂಕ ಗಳಿಸಿದ. ಕೊನೆಯ ನಿಮಿಷದಲ್ಲಿ ಎದುರಾಳಿಯ ಎಸೆತವನ್ನು ರಾಡ್ ಮೂರ್ ನಡುವೆ ಹಿಡಿದಾಗ 30-24ರ ಗೆಲುವು ನಿಶ್ಚಯವಾಯಿತು. ಅರವತ್ತು ದಾಟಿದ ನಾನು ಪಕ್ಕದ ಅಪರಿಚಿತನನ್ನು ತಬ್ಬಿಕೊಂಡಿದ್ದೆ.

ಮನೆಗೆ ನಡೆದು ಬರುವಾಗ ಎಲ್ಲರ ಬಾಯಲ್ಲಿ ಒಂದೇ ವಾದ. ಕಳವು ಬಯಲಾದ ಮೇಲೆ, ಆ ಸಿಬ್ಬಂದಿ ಹೋದ ಮೇಲೆ, ಮುಖ್ಯ ತರಬೇತುದಾರನೂ ಇಲ್ಲದೆ ಕಠಿಣ ಪಂದ್ಯಗಳನ್ನು ಗೆದ್ದಿದ್ದೇವೆ. ಆದ್ದರಿಂದ ಈ ಗೆಲುವು ಶುದ್ಧ. ವಾದದಲ್ಲಿ ತಿರುಳಿದೆ. ಆ ಯುವಕರ ಬೆವರು ಸುಳ್ಳಲ್ಲ, ಮುರಿದ ಕಾಲೂ ಸುಳ್ಳಲ್ಲ. ಆದರೆ ಜಮಾಖರ್ಚು ಬಲ್ಲವರಿಗೆ ಇದರ ದೋಷವೂ ಕಾಣುತ್ತದೆ. ಈ ತಿಂಗಳ ವ್ಯಾಪಾರ ಪ್ರಾಮಾಣಿಕವಾಗಿತ್ತೆಂದರೆ ಹೋದ ತಿಂಗಳ ಪುಟ ಅಳಿಸಿಹೋಗುವುದಿಲ್ಲ. ಎರಡೂ ಬರಹಗಳು ಒಂದೇ ಪುಸ್ತಕದಲ್ಲಿ ಉಳಿಯುತ್ತವೆ.

ಆ ಸಂಜೆ ಮೊಮ್ಮಗ, "ಈಗ ಎಲ್ಲ ಸರಿಹೋಯಿತಲ್ಲ ಅಜ್ಜಾ?" ಎಂದ. ಯಾರಿಗೂ ಹೇಳದಿದ್ದ ಒಂದು ಸಂಗತಿಯನ್ನು ಅವನಿಗೆ ಹೇಳಿದೆ.

1988ರಲ್ಲಿ, ತಂದೆಯವರಿಂದ ನಾನು ಅಂಗಡಿಯನ್ನು ವಹಿಸಿಕೊಂಡ ಹೊಸತರಲ್ಲಿ, ಒಂದು ಸಂಜೆ ಒಬ್ಬನು ಎರಡು ಮೂಟೆ ಕಾಳುಮೆಣಸು ತಂದ. ಪೇಟೆಯ ದರಕ್ಕಿಂತ ಮೂರರಲ್ಲೊಂದು ಭಾಗ ಕಡಿಮೆಗೆ ಕೊಟ್ಟ, ರಸೀದಿ ಬೇಡವೆಂದ. ಮೂಟೆಯ ಹೊಲಿಗೆ ನೋಡಿದೊಡನೆ ಅದು ಯಾವ ತೋಟದ್ದೆಂದು ನನಗೆ ಗೊತ್ತಾಯಿತು. ನಾನು ಕೇಳಲಿಲ್ಲ. ಬಿಡಿ ಖರೀದಿ ಎಂದು ಬರೆದುಕೊಂಡೆ. ಎರಡು ವಾರಗಳ ನಂತರ ಆ ತೋಟದ ಕಾವಲುಗಾರನನ್ನು ಕಳವಿನ ಗುಮಾನಿಯ ಮೇಲೆ ಕೆಲಸದಿಂದ ತೆಗೆದರು. ಮೆಣಸು ತಂದವನು ಅವನಲ್ಲ, ಬೇರೆಯವನು. ಸುದ್ದಿಯನ್ನು ಗಿರಾಕಿಗಳು ನನ್ನ ತಕ್ಕಡಿಯ ಮುಂದೆಯೇ ನಿಂತು ಮಾತಾಡಿಕೊಂಡರು. ನಾನು ತೂಕ ಮಾಡುತ್ತಾ ಇದ್ದೆ. ಕಾವಲುಗಾರ ಸಂಸಾರದೊಂದಿಗೆ ಊರು ಬಿಟ್ಟ. ಕದಿಯೆಂದು ನಾನು ಹೇಳಿರಲಿಲ್ಲ, ಒಪ್ಪಿಗೆಯನ್ನೂ ಕೊಟ್ಟಿರಲಿಲ್ಲ. ತಂದದ್ದನ್ನು ತೆಗೆದುಕೊಂಡಿದ್ದೆ, ಅಷ್ಟೆ. ಆಮೇಲಿನ ಮೂವತ್ತೈದು ವರ್ಷ ನಿತ್ಯ ಸಾಮಾಯಿಕ ಮಾಡಿದ್ದೇನೆ. ಈ ವ್ರತದ ಮೇಲೆ ಉಪನ್ಯಾಸಗಳನ್ನೂ ಮಾಡಿದ್ದೇನೆ.

ಮೊಮ್ಮಗ ಕೇಳಿದ್ದು ಇಷ್ಟೇ: "ಆ ಕಾವಲುಗಾರನಿಗೆ ಹೇಳಿದಿರಾ?"

"ಇಲ್ಲ," ಎಂದೆ.

ಮುಂದಿನ ಪಂದ್ಯಗಳನ್ನು ನೋಡಲಿಲ್ಲವೆಂದರೆ ಸುಳ್ಳಾಗುತ್ತದೆ. ಅಯೋವ ಎದುರು 26-0. 2024ರ ಜನವರಿ 1ರಂದು ರೋಸ್ ಬೌಲ್‌ನಲ್ಲಿ ಅಲಬಾಮ ಎದುರು ಹೆಚ್ಚುವರಿ ಅವಧಿಯಲ್ಲಿ 27-20. ಜನವರಿ 8ರಂದು ಹ್ಯೂಸ್ಟನ್‌ನಲ್ಲಿ ವಾಷಿಂಗ್ಟನ್ ಎದುರು 34-13. ಹದಿನೈದಕ್ಕೆ ಹದಿನೈದು ಗೆಲುವು, ಪ್ರಶಸ್ತಿ. ನಾನೂ ಕೂಗಿದೆ. ಆದರೆ 'ನಾವು' ಎಂಬ ಪದ ಬಾಯಿಗೆ ಬಂದಾಗಲೆಲ್ಲ ಗಂಟಲಲ್ಲಿ ಮೆಣಸಿನ ಕಾಳೊಂದು ಸಿಕ್ಕಿದಂತಾಗುತ್ತಿತ್ತು.

ಊರಿಗೆ ಮರಳಿದ ಮೇಲೆ ವಿಚಾರಿಸಿದೆ. ತೋಟದ ಮನೆಯವರಿಗೆ ಮೆಣಸಿನ ಈಗಿನ ಬೆಲೆ ಸಲ್ಲಿಸುವುದು ಸುಲಭವಾಗಿತ್ತು. ಕಾವಲುಗಾರ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಅವನ ಮಗ ಪಕ್ಕದ ತಾಲ್ಲೂಕಿನಲ್ಲಿ ಪಂಕ್ಚರ್ ಅಂಗಡಿ ಇಟ್ಟಿದ್ದಾನೆ. ನಾನು ಹೇಳಿದ್ದನ್ನೆಲ್ಲ ಕೆಲಸ ನಿಲ್ಲಿಸಿ ಕೇಳಿದ. ಹಣದ ಮಾತೆತ್ತಿದಾಗ ಬೇಡವೆಂದ. ಸ್ವಲ್ಪ ಹೊತ್ತಿನ ಮೇಲೆ, "ಅಪ್ಪ ಕದ್ದಿರಲಿಲ್ಲ ಅಂತ ಒಂದು ಕಾಗದದಲ್ಲಿ ಬರೆದುಕೊಡಿ. ಅಮ್ಮ ಇನ್ನೂ ಇದ್ದಾಳೆ," ಎಂದ. ಬರೆದು ಸಹಿ ಹಾಕಿ ಕೊಟ್ಟೆ. ಅವನು ನನ್ನನ್ನು ಕ್ಷಮಿಸಿದನೆಂದು ನಾನು ಹೇಳಲಾರೆ. ಆ ಮಾತನ್ನು ಅವನು ಆಡಲಿಲ್ಲ.

ಮಿಷಿಗನ್ ಪ್ರಕರಣದ ತೀರ್ಪು 2025ರ ಆಗಸ್ಟ್‌ನಲ್ಲಿ ಬಂದಿತು. ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘವು 2021ರಿಂದ 2023ರವರೆಗೆ ನಿಷಿದ್ಧ ವೀಕ್ಷಣೆ ನಡೆದದ್ದು ನಿಜವೆಂದು ಕಂಡು ಭಾರಿ ದಂಡ ವಿಧಿಸಿತು. ಆದರೆ ಗೆಲುವುಗಳನ್ನು ಕಿತ್ತುಕೊಳ್ಳಲಿಲ್ಲ. ಹಾರ್ಬಾ ಅಷ್ಟರಲ್ಲಿ ವೃತ್ತಿಪರ ತಂಡವೊಂದಕ್ಕೆ ಹೋಗಿದ್ದರು. 2024ರಿಂದ ಕಾಲೇಜು ಆಟಗಾರರ ಶಿರಸ್ತ್ರಾಣದೊಳಗೆ ರೇಡಿಯೋ ಇಡಲು ಅನುಮತಿ ದೊರೆತು, ಸನ್ನೆಗಳ ಅಗತ್ಯವೇ ಕಡಿಮೆಯಾಗಿತ್ತು. ಮೊಮ್ಮಗ ಫೋನಿನಲ್ಲಿ, "ಪ್ರಶಸ್ತಿ ಉಳಿಯಿತು ಅಜ್ಜಾ," ಎಂದಾಗ ಅತಿಚಾರವೆಂಬ ಪದದ ಅರ್ಥವನ್ನು ಅವನಿಗೆ ಹೇಳಿದೆ. ಅತಿಚಾರವೆಂದರೆ ವ್ರತವು ಪೂರ್ತಿ ಮುರಿದುಹೋಗುವುದಲ್ಲ. ವ್ರತ ಉಳಿಯುತ್ತದೆ, ಅದಕ್ಕೆ ಮಲ ಅಂಟುತ್ತದೆ. ಅದನ್ನು ತೊಳೆಯುವುದು ಇಟ್ಟುಕೊಂಡವನ ಹೊಣೆ.

ನಮ್ಮಲ್ಲಿ ಯಾರೂ ಕಳ್ಳರಲ್ಲ. ಆದರೆ ನಮ್ಮ ಅಂಗಡಿಗೆ, ನಮ್ಮ ಬಸದಿಯ ಹುಂಡಿಗೆ, ನಮ್ಮ ಸಂತೋಷಕ್ಕೆ ಬಂದು ಸೇರುವುದು ಎಲ್ಲಿಂದ ಬಂತೆಂದು ಕೇಳುವ ಅಭ್ಯಾಸ ನಮಗೆಷ್ಟಿದೆ? ಈ ಪ್ರಶ್ನೆಯನ್ನು ನಾನು ಇಪ್ಪತ್ತೇಳನೆಯ ವಯಸ್ಸಿನಲ್ಲಿ, ಮೂಟೆಯ ಹೊಲಿಗೆಯನ್ನು ನೋಡಿದ ಕ್ಷಣದಲ್ಲಿಯೇ ಕೇಳಬೇಕಾಗಿತ್ತು. ಓದುಗರು ನನ್ನಷ್ಟು ತಡಮಾಡದಿರಲಿ ಎಂದು ಬೇಡಿಕೊಳ್ಳುತ್ತೇನೆ.