ದುಡಿಮೆಯ ಪಾಲು ಮತ್ತು ಲೆಕ್ಕದ ಪುಸ್ತಕ

ದುಡಿದವನಿಗೆ ಸಲ್ಲತಕ್ಕ ಪಾಲನ್ನು ಯಾರು ನಿರ್ಧರಿಸಬೇಕು ಎಂಬ ಪ್ರಶ್ನೆ ವ್ಯಾಪಾರದಷ್ಟೇ ಹಳೆಯದು. ಮಂಡಿಗೆ ಮಾಲು ತಂದವನು ತೂಕವನ್ನು ತನ್ನ ಕಣ್ಣೆದುರಿಗೇ ಮಾಡಿಸಿಕೊಳ್ಳಬಲ್ಲ. ದರ ಒಪ್ಪದಿದ್ದರೆ ಮೂಟೆಗಳನ್ನು ಮತ್ತೆ ಗಾಡಿಗೇರಿಸಿ ಇನ್ನೊಂದು ಮಂಡಿಗೆ ಹೋಗಬಲ್ಲ. ಆದರೆ ಮಾಲು ಎಂಬುದು ಮೂಟೆಯಾಗಿರದೆ ಬರಿಯ ದೃಶ್ಯವಾಗಿದ್ದು, ತಕ್ಕಡಿಯು ದೂರದೇಶದ ಯಂತ್ರವೊಂದರೊಳಗೆ ಅಡಗಿದ್ದು, ಮಂಡಿಯೂ ಹೆಚ್ಚುಕಡಿಮೆ ಒಂದೇ ಒಂದು ಉಳಿದಿದ್ದರೆ ದುಡಿದವನು ಏನು ಮಾಡಬೇಕು? ವಿಡಿಯೊಗಳನ್ನು ತಯಾರಿಸಿ ಅದರಿಂದಲೇ ಜೀವನ ಸಾಗಿಸುತ್ತಿರುವ ಅಸಂಖ್ಯ ಜನರ ಮುಂದೆ ಇಂದು ಇರುವುದು ಇದೇ ಪ್ರಶ್ನೆ. ಅವರಲ್ಲಿ ಕೆಲವರು ತಾವೇ ಅಂಗಡಿ ತೆರೆದು, ನೋಡುಗರಿಂದ ನೇರವಾಗಿ ಚಂದಾ ಪಡೆಯುವ ಮಾರ್ಗವನ್ನು ಹಿಡಿದಿದ್ದಾರೆ. ಈ ಪ್ರಯೋಗಗಳಲ್ಲಿ ಎಷ್ಟು ನ್ಯಾಯವಿದೆ, ಎಷ್ಟು ಬರಿಯ ಮಾತಿದೆ ಎಂಬುದನ್ನು ವ್ಯವಹಾರ ಬಲ್ಲವರು ಒಮ್ಮೆ ಪರಿಶೀಲಿಸುವುದು ಉಚಿತ.

ಮೊದಲು ದೊಡ್ಡ ಮಂಡಿಯ ವಿಷಯ. 2005ರಲ್ಲಿ ಪ್ರಾರಂಭವಾದ ಯೂಟ್ಯೂಬನ್ನು ಮರುವರ್ಷವೇ ಗೂಗಲ್ ಸಂಸ್ಥೆಯು 165 ಕೋಟಿ ಡಾಲರ್ ಬೆಲೆಯ ತನ್ನ ಷೇರುಗಳನ್ನು ಕೊಟ್ಟು ಕೊಂಡುಕೊಂಡಿತು. 2007ರಿಂದ ಅದು ತನ್ನಲ್ಲಿ ವಿಡಿಯೊ ಹಾಕುವವರೊಡನೆ ಜಾಹೀರಾತಿನ ಆದಾಯವನ್ನು ಹಂಚಿಕೊಳ್ಳುತ್ತ ಬಂದಿದೆ. ದೀರ್ಘ ವಿಡಿಯೊಗಳ ಜಾಹೀರಾತಿನಲ್ಲಿ ತಯಾರಕರಿಗೆ ಶೇಕಡಾ 55, ಸಂಸ್ಥೆಗೆ 45. ಈ ಪ್ರಮಾಣವು ಅನ್ಯಾಯದ್ದೆಂದು ಹೇಳುವುದು ಸುಲಭವಲ್ಲ. ವಿಡಿಯೊವನ್ನು ಸಂಗ್ರಹಿಸಿಡುವುದು, ಜಗತ್ತಿನ ಮೂಲೆಮೂಲೆಗೂ ಕಳಿಸುವುದು, ಜಾಹೀರಾತುದಾರರನ್ನು ಹುಡುಕುವುದು, ಇವೆಲ್ಲ ಖರ್ಚಿನ ಬಾಬತ್ತುಗಳೇ. ಪುಸ್ತಕ ವ್ಯಾಪಾರದಲ್ಲಿ ಲೇಖಕನಿಗೆ ದಕ್ಕುವ ಅಂಶವನ್ನು ನೆನೆದರೆ ಐವತ್ತೈದು ಎಂಬುದು ಉದಾರವೆಂದೇ ತೋರೀತು.

ತೊಡಕು ಇರುವುದು ಪ್ರಮಾಣದಲ್ಲಲ್ಲ, ಗಿರಾಕಿ ಯಾರು ಎಂಬುದರಲ್ಲಿ. ಇಲ್ಲಿ ಹಣ ಕೊಡುವವನು ಬಹುಮಟ್ಟಿಗೆ ನೋಡುಗನಲ್ಲ, ಜಾಹೀರಾತುದಾರ. 2017ರ ಮಾರ್ಚ್ ತಿಂಗಳಲ್ಲಿ, ಉಗ್ರವಾದಿಗಳ ವಿಡಿಯೊಗಳ ಜೊತೆಗೆ ತಮ್ಮ ಜಾಹೀರಾತುಗಳು ಕಾಣಿಸಿಕೊಂಡವೆಂಬ ಪತ್ರಿಕಾ ವರದಿಯಿಂದ ಬೆದರಿದ ದೊಡ್ಡ ದೊಡ್ಡ ಕಂಪನಿಗಳು ಒಟ್ಟೊಟ್ಟಿಗೆ ಹಿಂದೆ ಸರಿದಾಗ, ಆ ಉಗ್ರವಾದಕ್ಕೂ ತಮಗೂ ಏನೇನೂ ಸಂಬಂಧವಿಲ್ಲದ ಅನೇಕ ತಯಾರಕರ ವರಮಾನವೂ ಕುಸಿಯಿತು. ಯುದ್ಧದ ಇತಿಹಾಸವನ್ನು ಹೇಳುವವನ ಪಾಠಕ್ಕೂ ಜಾಹೀರಾತು ಸಿಗುವುದು ಕಷ್ಟವಾಯಿತು. ತಕ್ಕಡಿಯಲ್ಲಿ ದೋಷವಿಲ್ಲದೆಯೂ ದುಡಿದವನು ನಷ್ಟಕ್ಕೆ ಗುರಿಯಾಗಬಹುದೆಂಬುದಕ್ಕೆ ಇದು ನಿದರ್ಶನ.

ತಕ್ಕಡಿಯೇ ದೋಷಯುಕ್ತವಾಗಿದ್ದ ಪ್ರಸಂಗವೂ ಉಂಟು. ಜನರು ಪ್ರತಿಯೊಂದು ವಿಡಿಯೊವನ್ನು ಸರಾಸರಿ ಎಷ್ಟು ಹೊತ್ತು ನೋಡುತ್ತಾರೆಂಬ ಲೆಕ್ಕವನ್ನು ಫೇಸ್‌ಬುಕ್ ಸಂಸ್ಥೆಯು ಸುಮಾರು ಎರಡು ವರ್ಷ ಕಾಲ ಹೆಚ್ಚಿಸಿ ತೋರಿಸಿದ್ದುದನ್ನು 2016ರ ಸೆಪ್ಟೆಂಬರಿನಲ್ಲಿ ತಾನೇ ಒಪ್ಪಿಕೊಂಡಿತು. ಭಾಗಾಕಾರದಲ್ಲಿ ನಡೆದ ತಪ್ಪು ಅದು: ಮೂರು ಸೆಕೆಂಡಿಗಿಂತ ಕಡಿಮೆ ನೋಡಿ ಮುಂದೆ ಹೋದವರನ್ನು ಭಾಜಕದಿಂದ ಕೈಬಿಟ್ಟರೆ ಸರಾಸರಿ ತಾನಾಗಿಯೇ ಉಬ್ಬುತ್ತದೆ. ಜಾಹೀರಾತುದಾರರು ಹೂಡಿದ ದಾವೆಯನ್ನು ಆ ಸಂಸ್ಥೆಯು 2019ರಲ್ಲಿ 4 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಆದರೆ ಆ ಅಂಕಿಗಳನ್ನು ನಂಬಿ ತಮ್ಮ ಸ್ವಂತ ತಾಣಗಳನ್ನು ಅಲಕ್ಷಿಸಿ ಫೇಸ್‌ಬುಕ್ಕಿಗಾಗಿ ವಿಡಿಯೊ ತಯಾರಿಸಿದವರು ಕಳೆದುಕೊಂಡದ್ದನ್ನು ಅಳೆದವರಿಲ್ಲ. ಹೀಗೆ ಪೆಟ್ಟು ತಿಂದ ಸಂಸ್ಥೆಗಳಲ್ಲಿ ಕಾಲೇಜ್‌ಹ್ಯೂಮರ್ ಕೂಡ ಒಂದೆಂದು ಅಲ್ಲಿ ದುಡಿದ ಹಾಸ್ಯಗಾರ ಆಡಂ ಕಾನೊವರ್ ಅವರು ಬಹಿರಂಗವಾಗಿ ಹೇಳಿದ್ದಾರೆ.

ಆ ಕಾಲೇಜ್‌ಹ್ಯೂಮರಿನ ಕಥೆಯನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಅಮೆರಿಕದಲ್ಲಿ 1999ರಲ್ಲಿ ಇಬ್ಬರು ತರುಣರು ಪ್ರಾರಂಭಿಸಿದ ಹಾಸ್ಯದ ತಾಣ ಅದು; 2006ರಲ್ಲಿ ಐ.ಎ.ಸಿ. ಎಂಬ ದೊಡ್ಡ ಕಂಪನಿಯ ವಶವಾಯಿತು. 2018ರಲ್ಲಿ ಅದೇ ತಂಡವು ಡ್ರಾಪ್‌ಔಟ್ ಎಂಬ ಹೆಸರಿನಲ್ಲಿ ಚಂದಾ ಆಧಾರಿತ ವಿಡಿಯೊ ಸೇವೆಯನ್ನು ತೆರೆಯಿತು. ನಿರೀಕ್ಷಿಸಿದ ವೇಗದಲ್ಲಿ ಅದು ಬೆಳೆಯಲಿಲ್ಲ. 2020ರ ಜನವರಿಯಲ್ಲಿ ಐ.ಎ.ಸಿ. ಇನ್ನು ಹಣ ಹಾಕಲಾರೆನೆಂದು ಕೈಚೆಲ್ಲಿದಾಗ ನೂರಕ್ಕೂ ಹೆಚ್ಚು ಮಂದಿ ಒಂದೇ ಏಟಿಗೆ ಕೆಲಸ ಕಳೆದುಕೊಂಡರು. 2006ರಿಂದಲೂ ಅಲ್ಲಿ ದುಡಿಯುತ್ತಿದ್ದ ಸ್ಯಾಮ್ ರೈಶ್ ಅವರು ಸಂಸ್ಥೆಯ ಬಹುಪಾಲು ಒಡೆತನವನ್ನು ತಾವೇ ವಹಿಸಿಕೊಂಡರು. ಸಣ್ಣ ಪಾಲೊಂದನ್ನು ಐ.ಎ.ಸಿ. ಉಳಿಸಿಕೊಂಡಿತು. (ಇವರು ಅಧ್ಯಕ್ಷ ಕ್ಲಿಂಟನ್ ಅವರ ಸಂಪುಟದಲ್ಲಿ ಕಾರ್ಮಿಕ ಮಂತ್ರಿಯಾಗಿದ್ದ ರಾಬರ್ಟ್ ರೈಶ್ ಅವರ ಮಗ.) ಉಳಿದದ್ದು ಬೆರಳೆಣಿಕೆಯ ಜನ. ಎರಡು ತಿಂಗಳೊಳಗೆ ಕೊರೋನಾ ಬಂದು ಚಿತ್ರೀಕರಣವೇ ನಿಂತಿತು. ಪಾತ್ರಧಾರಿಗಳು ತಮ್ಮತಮ್ಮ ಮನೆಗಳಲ್ಲಿ ಕುಳಿತು, ಗಣಕಯಂತ್ರದ ಮುಂದೆ ಮಾತನಾಡುತ್ತ ಕಾರ್ಯಕ್ರಮಗಳನ್ನು ಮುಂದುವರಿಸಿದರು.

ಲಾಭ ಕಾಣಿಸಿಕೊಂಡ ಮೇಲೆ ಅವರು ಏನು ಮಾಡಿದರೆಂಬುದು ಇಲ್ಲಿ ಮುಖ್ಯ. 2023ರ ಲಾಭದ ಒಂದಂಶವನ್ನು, ಆ ವರ್ಷದಲ್ಲಿ ಸಂಸ್ಥೆಯಿಂದ ಒಂದು ಡಾಲರನ್ನಾದರೂ ಸಂಪಾದಿಸಿದ ಎಲ್ಲರಿಗೂ ಹಂಚಲಾಯಿತು. ಕಾಯಂ ನೌಕರರಿಗೆ ಮಾತ್ರವಲ್ಲ, ಒಂದು ದಿನದ ಮಟ್ಟಿಗೆ ಬಂದು ಕೆಲಸ ಮಾಡಿ ಹೋದವರಿಗೂ, ಪಾತ್ರಪರೀಕ್ಷೆಗೆಂದು ಬಂದು ಅದರ ಸಂಭಾವನೆ ಪಡೆದು ಆಯ್ಕೆಯಾಗದೆ ಹಿಂತಿರುಗಿದವರಿಗೂ ಪಾಲು ಸಂದಿತು. ಕಾನೂನು ಇದನ್ನು ಕೇಳಿರಲಿಲ್ಲ, ಒಪ್ಪಂದವೂ ಕೇಳಿರಲಿಲ್ಲ. ದೀಪಾವಳಿಯ ಬೋನಸ್ಸನ್ನು ಲೆಕ್ಕ ಹಾಕುವಾಗ ದಿನಗೂಲಿಯವನ ಹೆಸರು ಪಟ್ಟಿಗೆ ಸೇರಬೇಕೇ ಬೇಡವೇ ಎಂದು ತಲೆ ತುರಿಸಿಕೊಂಡವರಿಗೆ ಈ ನಿರ್ಧಾರದ ತೂಕ ತಿಳಿಯುತ್ತದೆ. 2025ರ ಮೇ ತಿಂಗಳಲ್ಲಿ ಮಾಸಿಕ ಚಂದಾವನ್ನು 5.99 ಡಾಲರಿನಿಂದ 6.99 ಡಾಲರಿಗೆ ಏರಿಸಿದಾಗಲೂ, ಅದಾಗಲೇ ಇದ್ದ ಚಂದಾದಾರರಿಗೆ ಹಳೆಯ ದರವನ್ನೇ ಉಳಿಸಿದರು. ಅದೇ ವರ್ಷ ಚಂದಾದಾರರ ಸಂಖ್ಯೆ 10 ಲಕ್ಷವನ್ನು ದಾಟಿತು. ಒಂದು ಚಂದಾದ ಗುಪ್ತಪದವನ್ನು ಗೆಳೆಯರೊಡನೆ ಹಂಚಿಕೊಳ್ಳುವವರ ಮೇಲೆ ಇತರ ಕಂಪನಿಗಳು ಕಣ್ಣು ಕೆಂಪಗೆ ಮಾಡಿಕೊಂಡಿರುವಾಗ, ಹಂಚಿಕೊಂಡರೆ ಹಂಚಿಕೊಳ್ಳಲಿ ಎಂದವರು ರೈಶ್. ಇದು ಔದಾರ್ಯವೋ ಜಾಣತನವೋ ಎಂದು ಕೇಳಬಹುದು. ಎರಡೂ ಇರಬಾರದೆಂದೇನೂ ನಿಯಮವಿಲ್ಲ.

ಆದರೂ ಒಂದು ಮಾತನ್ನು ಮರೆಮಾಚುವಂತಿಲ್ಲ. ಇಲ್ಲಿ ಲಾಭ ಹಂಚುವ ನಿರ್ಧಾರ ಒಡೆಯನದು. ಒಡೆಯನ ಮನಸ್ಸು ಒಳ್ಳೆಯದಾಗಿದೆ, ಸರಿ. ಪಡೆದವರಿಗೆ ಅದು ಹಕ್ಕಾಗಿ ಬಂದದ್ದಲ್ಲ. ದಾನಕ್ಕೂ ಪಾಲಿಗೂ ಇರುವ ಅಂತರ ಇದೇ.

ಈ ಅಂತರವನ್ನು ಬರಹದಲ್ಲಿಯೇ ತುಂಬಲು ಯತ್ನಿಸಿದ್ದು ನೆಬ್ಯುಲಾ. ಡೇವ್ ವಿಸ್ಕಸ್ ಅವರ ನೇತೃತ್ವದಲ್ಲಿ 2019ರಲ್ಲಿ ಪ್ರಾರಂಭವಾದ ಈ ಸೇವೆಯ ಹಿಂದೆ ಇದ್ದವರು ವಿಜ್ಞಾನ, ಎಂಜಿನಿಯರಿಂಗ್, ಸಾರಿಗೆ, ಇತಿಹಾಸ ಮುಂತಾದ ವಿಷಯಗಳನ್ನು ಯೂಟ್ಯೂಬಿನಲ್ಲಿ ವಿವರಿಸುತ್ತಿದ್ದ ತಯಾರಕರು. ಇಲ್ಲಿ ಜಾಹೀರಾತಿಲ್ಲ, ನೋಡುಗನ ಚಂದಾವೇ ವರಮಾನ. ಅದರ ಲಾಭದಲ್ಲಿ ಅರ್ಧವು ತಯಾರಕರಿಗೆ, ಅವರವರ ವಿಡಿಯೊಗಳನ್ನು ಜನ ನೋಡಿದ ಹೊತ್ತಿನ ಅನುಪಾತದಲ್ಲಿ ಸಲ್ಲುತ್ತದೆ. 2021ರಲ್ಲಿ, ಡಿಸ್ಕವರಿ ಚಾನೆಲ್ಲಿನ ಸ್ಥಾಪಕ ಜಾನ್ ಹೆಂಡ್ರಿಕ್ಸ್ ಅವರು ಕಟ್ಟಿದ ಕ್ಯೂರಿಯಾಸಿಟಿ ಸ್ಟ್ರೀಮ್ ಸಂಸ್ಥೆಯು 60 ಲಕ್ಷ ಡಾಲರ್ ಕೊಟ್ಟು ನೆಬ್ಯುಲಾದ ಶೇಕಡಾ 12ರಷ್ಟು ಒಡೆತನವನ್ನು ಪಡೆಯಿತು. ಅಂದರೆ ಇಡೀ ವ್ಯವಹಾರದ ಬೆಲೆ 5 ಕೋಟಿ ಡಾಲರ್ ಎಂದು ಕಟ್ಟಿದಂತಾಯಿತು.

ಒಡೆತನಕ್ಕೆ ಬೆಲೆ ಬಂದ ಕೂಡಲೇ ಒಡೆಯರು ಯಾರೆಂಬ ವಿಚಾರ ಎದ್ದೇಳುವುದು ಸಹಜ. ನೆಬ್ಯುಲಾವನ್ನು ತಯಾರಕರೇ ಒಡೆಯರಾಗಿರುವ ಸಂಸ್ಥೆಯೆಂದು ಹೇಳುವ ರೂಢಿ ಬಹುಕಾಲ ನಡೆದುಬಂತು. ಷೇರು ಪುಸ್ತಕವನ್ನು ತೆರೆದು ನೋಡಿದರೆ ಅಲ್ಲಿರುವ ಹೆಸರುಗಳು ಮಾತೃಸಂಸ್ಥೆಯಾದ ಸ್ಟ್ಯಾಂಡರ್ಡ್ ಮತ್ತು ಹಣ ಹಾಕಿದ ಕಂಪನಿ, ತಯಾರಕರು ಷೇರುದಾರರಲ್ಲ. ಅವರಿಗಿರುವುದು ಒಂದು ಕರಾರು: ಸಂಸ್ಥೆಯು ಎಂದಾದರೂ ಮಾರಾಟವಾದರೆ ಬಂದ ಹಣದ ಅರ್ಧವನ್ನು ಅವರಲ್ಲಿ ಹಂಚತಕ್ಕದ್ದು. ಹಣದ ದೃಷ್ಟಿಯಿಂದ ಇದು ಕಡಿಮೆಯೇನಲ್ಲ. ಆದರೆ ಷೇರುದಾರನಿಗೆ ಮಾರಾಟದ ದಿನ ಹಣ ಬರುವುದಷ್ಟೇ ಅಲ್ಲ, ಮಾರಬೇಕೇ ಬೇಡವೇ ಎಂಬಲ್ಲಿ ಮತವೂ ಇರುತ್ತದೆ. ಕರಾರುದಾರನಿಗೆ ಮೊದಲನೆಯದುಂಟು, ಎರಡನೆಯದಿಲ್ಲ. ಎರಡನ್ನೂ ಒಡೆತನವೆಂದೇ ಕರೆಯುವುದು ಸುಳ್ಳಲ್ಲದಿದ್ದರೂ ಸಡಿಲ ಮಾತು. ಸಹಭಾಗಿತ್ವದ ಪತ್ರಕ್ಕೆ ಸಹಿ ಹಾಕುವ ಮೊದಲು ಇಂತಹ ಸಡಿಲ ಮಾತುಗಳನ್ನು ಬಿಗಿಗೊಳಿಸಿಕೊಳ್ಳದೆ ಹೋದ ಅಣ್ಣತಮ್ಮಂದಿರು ಮುಂದೆ ಕೋರ್ಟಿನ ಮೆಟ್ಟಿಲೇರಿದ ಉದಾಹರಣೆಗಳು ಯಾವ ಊರಿನಲ್ಲಿಲ್ಲ?

ನೋಡಿದ ಹೊತ್ತಿಗೆ ತಕ್ಕಂತೆ ಹಂಚುವ ವಿಧಾನವನ್ನೂ ಆಲೋಚಿಸಬೇಕು. ಮೇಲುನೋಟಕ್ಕೆ ಇದು ಅತ್ಯಂತ ನಿಷ್ಪಕ್ಷಪಾತ. ಆರು ತಿಂಗಳು ದಾಖಲೆಗಳನ್ನು ಶೋಧಿಸಿ, ನಕ್ಷೆ ಬರೆಸಿ, ಹತ್ತು ನಿಮಿಷದ ಚಿತ್ರ ಮಾಡಿದವನೊಬ್ಬ. ಮೈಕಿನ ಮುಂದೆ ಕುಳಿತು ಎರಡು ಗಂಟೆ ಹರಟಿದವನೊಬ್ಬ. ಹೊತ್ತಿನ ಲೆಕ್ಕದಲ್ಲಿ ಎರಡನೆಯವನ ತಟ್ಟೆಯೇ ಭಾರ. ನೆಬ್ಯುಲಾದವರಿಗೆ ಇದು ತಿಳಿಯದ ವಿಷಯವಲ್ಲ. ದೊಡ್ಡ ಚಿತ್ರಗಳಿಗೆ ಮೊದಲೇ ಬಂಡವಾಳ ಒದಗಿಸುವ ಕ್ರಮವನ್ನು ಅವರು ಇಟ್ಟುಕೊಂಡಿದ್ದಾರೆ. ಕೆನಡಾದ ಲೈನಸ್ ಮೀಡಿಯಾ ಗ್ರೂಪ್ ಹುಟ್ಟುಹಾಕಿದ ಫ್ಲೋಟ್‌ಪ್ಲೇನ್ ಈ ಗೋಜಿಗೇ ಹೋಗಲಿಲ್ಲ: ಅಲ್ಲಿ ಒಟ್ಟು ಚಂದಾ ಎಂಬುದಿಲ್ಲ, ನೋಡುಗನು ತನಗೆ ಬೇಕಾದ ತಯಾರಕನಿಗೆ ಬೇರೆ ಬೇರೆಯಾಗಿ ಚಂದಾ ಕೊಡುತ್ತಾನೆ. ಲೆಕ್ಕ ಸರಳ. ಆದರೆ ಹೆಸರಿಲ್ಲದವನಿಗೆ ಹೆಸರುಳ್ಳವನ ನೆರಳಿನ ಲಾಭ ಸಿಗುವುದಿಲ್ಲ.

ಹಣವಂತರು ಹೊರಗಿನಿಂದ ಬಂದು ಇಂಥದೇ ಅಂಗಡಿ ಇಟ್ಟು ನೋಡಿದ್ದೂ ಉಂಟು. ಹುಲು ಸಂಸ್ಥೆಯ ಮುಖ್ಯಸ್ಥರಾಗಿದ್ದ ಜೇಸನ್ ಕೈಲಾರ್ ಅವರು 2015ರಲ್ಲಿ ತೆರೆದ ವೆಸೆಲ್ ಎಂಬ ಸೇವೆಯು ತಿಂಗಳಿಗೆ 2.99 ಡಾಲರ್ ಚಂದಾಕ್ಕೆ ವಿಡಿಯೊಗಳನ್ನು ಮೂರು ದಿನ ಮುಂಚಿತವಾಗಿ ತೋರಿಸುತ್ತಿತ್ತು. 2016ರಲ್ಲಿ ವೆರೈಝನ್ ಕಂಪನಿ ಅದನ್ನು ಕೊಂಡು ಮುಚ್ಚಿಬಿಟ್ಟಿತು. ಮೂರು ದಿನ ಕಾದರೆ ಬಿಟ್ಟಿಯಾಗಿ ಸಿಗುವುದಕ್ಕೆ ಜನ ಹಣ ಕೊಡಲಿಲ್ಲವೆಂದು ಕಾಣುತ್ತದೆ.

ಹಾಗಾದರೆ ಹೊಸ ಅಂಗಡಿಗಳು ದೊಡ್ಡ ಮಂಡಿಯ ಹಂಗನ್ನು ತೊರೆದಿವೆಯೇ? ಇಲ್ಲ. ನೆಬ್ಯುಲಾದ ತಯಾರಕರಲ್ಲಿ ಬಹುಮಂದಿ ಈಗಲೂ ಯೂಟ್ಯೂಬಿನಲ್ಲಿ ವಿಡಿಯೊ ಹಾಕುತ್ತಾರೆ. ಅದರ ಕೊನೆಯಲ್ಲಿ ನೆಬ್ಯುಲಾಕ್ಕೆ ಬರಬೇಕೆಂದು ಆಹ್ವಾನ ಕೊಡುತ್ತಾರೆ. ಡ್ರಾಪ್‌ಔಟಿನ ಹಾಸ್ಯದ ತುಣುಕುಗಳು ಯೂಟ್ಯೂಬಿನಲ್ಲೂ ಇತರ ತಾಣಗಳಲ್ಲೂ ಹರಿದಾಡಿಯೇ ಹೊಸ ಚಂದಾದಾರರನ್ನು ತರುತ್ತವೆ. ಸಂತೆಯಲ್ಲಿ ಮಾದರಿ ತೋರಿಸಿ ಗಿರಾಕಿಯನ್ನು ಮನೆಯ ಅಂಗಡಿಗೆ ಕರೆತರುವ ಪದ್ಧತಿಯಿದು. ಇದರಿಂದ ಆಗಿರುವ ಒಳಿತೆಂದರೆ, ಚಂದಾ ಕೊಡಲು ಶಕ್ತಿಯಿಲ್ಲದ ವಿದ್ಯಾರ್ಥಿಗೆ ವಿಜ್ಞಾನದ ಪಾಠ ಬಿಟ್ಟಿಯಾಗಿಯೇ ಉಳಿದಿದೆ. ಶಕ್ತಿಯುಳ್ಳವನು ಕೊಟ್ಟ ಹಣ ಅದನ್ನು ತಯಾರಿಸಲು ನೆರವಾಗಿದೆ. ಅನ್ನದಾನದ ಪಂಕ್ತಿಯನ್ನು ನಡೆಸಿದವರಿಗೆ ಈ ಏರ್ಪಾಡು ಹೊಸದಾಗಿ ತೋರದು.

ಹಂಗು ಇನ್ನೊಂದು ಕಡೆಯಲ್ಲೂ ಇದೆ. ಡ್ರಾಪ್‌ಔಟಿನ ವಿಡಿಯೊಗಳು ನೋಡುಗನನ್ನು ತಲುಪುತ್ತ ಬಂದದ್ದು ವಿಮಿಯೊ ಎಂಬ ಕಂಪನಿಯ ಮೂಲಕ. ವಿಮಿಯೊ ಕೂಡ 2004ರಲ್ಲಿ ಹುಟ್ಟಿದ್ದು ಕಾಲೇಜ್‌ಹ್ಯೂಮರಿನ ಮನೆಯಲ್ಲಿಯೇ; ಒಂದೇ ಅಂಗಳದಲ್ಲಿ ಆಡಿದ ಎರಡು ಸಂಸ್ಥೆಗಳು ಬೇರೆ ಬೇರೆ ದಾರಿ ಹಿಡಿದವು. 2025ರಲ್ಲಿ ಇಟಲಿಯ ಬೆಂಡಿಂಗ್ ಸ್ಪೂನ್ಸ್ ಎಂಬ ಕಂಪನಿಯು ಸುಮಾರು 138 ಕೋಟಿ ಡಾಲರಿಗೆ ವಿಮಿಯೊವನ್ನು ಕೊಂಡಿತು. ಅಂಗಡಿ ಸ್ವಂತದ್ದು, ಗಿರಾಕಿ ಸ್ವಂತದವನು, ಲೆಕ್ಕವೂ ಸ್ವಂತದ್ದು. ಅಂಗಡಿಗೆ ಬರುವ ರಸ್ತೆ ಮಾತ್ರ ಪರರದು, ಅದರ ಸುಂಕವನ್ನು ಹೊಸ ಒಡೆಯನು ಎಷ್ಟು ಕೇಳಿದರೂ ಕೊಡಬೇಕಾದೀತು ಅಥವಾ ಹೆಚ್ಚಿನ ವೆಚ್ಚದಲ್ಲಿ ಬೇರೆ ರಸ್ತೆ ಹಾಕಬೇಕಾದೀತು.

ಇನ್ನು ಈ ಅಂಗಡಿಗಳ ಒಳಗೆ ಬರಲಾರದವರ ಮಾತು. ನೆಬ್ಯುಲಾಕ್ಕೆ ಸೇರಲು ಆಹ್ವಾನ ಬೇಕು; ಡ್ರಾಪ್‌ಔಟ್ ತನ್ನ ಕಾರ್ಯಕ್ರಮಗಳನ್ನು ತಾನೇ ತಯಾರಿಸುತ್ತದೆ. ಹೊಸದಾಗಿ ಕ್ಯಾಮೆರಾ ಹಿಡಿದ ಬಡ ತರುಣನಿಗೆ ಇಂದಿಗೂ ಬಾಗಿಲು ತೆರೆದಿಟ್ಟಿರುವುದು ಆ ದೊಡ್ಡ ಮಂಡಿಯೇ. ಅಲ್ಲಿಯೂ ಜಾಹೀರಾತಿನ ಪಾಲು ಸಿಗಬೇಕಾದರೆ, 2018ರಲ್ಲಿ ಗೊತ್ತುಪಡಿಸಿದ ನಿಯಮದಂತೆ, 1,000 ಚಂದಾದಾರರೂ ಹನ್ನೆರಡು ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆಯೂ ಆಗಿರಬೇಕು, ಇಲ್ಲವೇ, ಆಮೇಲೆ ಸೇರಿಸಿದ ನಿಯಮದಂತೆ, ಕಿರುವಿಡಿಯೊಗಳಿಗೆ ಒಂದು ಕೋಟಿ ವೀಕ್ಷಣೆ ಸಿಕ್ಕಿರಬೇಕು. ಅಷ್ಟಾಗುವವರೆಗೆ ಅವನ ವಿಡಿಯೊಗಳ ಮೇಲೆ ಯೂಟ್ಯೂಬ್ ಜಾಹೀರಾತು ತೋರಿಸಬಹುದು, ಆ ಹಣ ಅವನದಾಗುವುದಿಲ್ಲ. 2020ರ ನವೆಂಬರಿನಲ್ಲಿ ಬಂದ ಈ ಷರತ್ತನ್ನು ಓದಿಯೇ ಅವನು ಒಪ್ಪಿಗೆ ಒತ್ತಬೇಕು. ಒತ್ತದಿದ್ದರೆ ಹೋಗಲು ಅವನಿಗೆ ಇನ್ನೊಂದು ಮಂಡಿ ಇಲ್ಲ.